ಸೀತುವನ್ನು ಒಪ್ಪಿಸಿದ್ದು

ಪೆರಾಬೆಯ ಬಾಲವಾಡಿಯಲ್ಲಿ ಪಂಕಜಾಕ್ಷಿ ಟೀಚರಿಗೆ ಒಂದು ಹೆಸರಿತ್ತು. ನರ್ಸಮ್ಮ ಚುಚ್ಚುಮದ್ದಿನ ಪೆಟ್ಟಿಗೆ ಹಿಡಿದುಕೊಂಡು ಬಂದ ದಿನ ಗೇರುಮರದ ಹಿಂದೆ ಅಡಗುವ ಮಕ್ಕಳೂ ಇವಳ ಮಾತಿಗೆ ಮರುಳಾಗಿ ತೋಳು ಚಾಚುತ್ತಿದ್ದವು. ಆ ವಿದ್ಯೆ ತನ್ನ ಮಗುವಿನ ಮುಂದೆಯೇ ಕೈಕೊಡಬಹುದೆಂದು ಅವಳು ಎಣಿಸಿದವಳಲ್ಲ.

ಹಿರಿಯ ಮಗ ಸರ್ವೋತ್ತಮನಿಗೆ ಹದಿಮೂರು ವರ್ಷ. ಎಂಬತ್ತೇಳರ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅವನ ಮೈಮೇಲೆ ಬೀಳದೆ, ತಾಗದೆ ನೀಲಿ ಕಲೆಗಳು ಏಳತೊಡಗಿದವು. ಹಲ್ಲುಜ್ಜಿದರೆ ಬಾಯಿ ತುಂಬ ರಕ್ತ. ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ರಕ್ತ ಹುಟ್ಟುವ ಎಲುಬಿನ ಮಜ್ಜೆಯೇ ಒಣಗುತ್ತಿದೆ, ವೆಲ್ಲೂರಿಗೆ ಕರೆದುಕೊಂಡು ಹೋಗಿ ಎಂದರು. ಒಡಹುಟ್ಟಿದವರಲ್ಲಿ ಯಾರದಾದರೂ ಹೊಂದಿಕೆಯಾದರೆ ಅವರ ಮಜ್ಜೆ ತೆಗೆದು ಇವನಿಗೆ ಕೊಡುವ ಹೊಸ ಚಿಕಿತ್ಸೆ ಅಲ್ಲಿ ಇದೆಯಂತೆ.

ಒಡಹುಟ್ಟಿದವರೆಂದರೆ ಇಬ್ಬರು ತಂಗಿಯರು. ಅಮ್ಮುವಿಗೆ ಹನ್ನೊಂದು, ಸೀತುವಿಗೆ ಆರು. ಕೊಡುವುದು ತಾನೇ ಎಂದು ಅಮ್ಮು ರೈಲು ಹತ್ತುವ ಮೊದಲೇ ತೀರ್ಮಾನಿಸಿದ್ದಳು. ವೆಲ್ಲೂರಿಗೆಂದು ಕಾಟ್ಪಾಡಿ ಸ್ಟೇಷನ್ನಿನಲ್ಲಿ ಇಳಿಯುವ ತನಕ ಅಣ್ಣನ ತಲೆ ಅವಳ ತೊಡೆಯ ಮೇಲೆಯೇ ಇತ್ತು. ಸೀತು ಕಿಟಕಿಯ ಬಳಿ ಕೂತು ಕಡಲೆ ತಿನ್ನುತ್ತಿದ್ದಳು.

ಪರೀಕ್ಷೆಯಲ್ಲಿ ಹೊಂದಿದ್ದು ಸೀತುವಿನದು.

"ನಂದು ಯಾಕೆ ಆಗುದಿಲ್ಲ?" ಎಂದು ಅಮ್ಮು ಆಸ್ಪತ್ರೆಯ ವರಾಂಡದಲ್ಲೇ ಅತ್ತಳು. ಅವಳನ್ನು ಸಮಾಧಾನ ಮಾಡಲು ಪಂಕಜಾಕ್ಷಿಗೆ ಪುರುಸೊತ್ತಿರಲಿಲ್ಲ. ಅಲ್ಲಿನ ಡಾಕ್ಟರಮ್ಮ ಮಲಯಾಳಿ, ಊರಿನ ಮಲಯಾಳಿ ನೆರೆಯವರಿಂದಾಗಿ ಅವರ ಮಾತು ಇವಳಿಗೆ ತಿಳಿಯುತ್ತಿತ್ತು.

"ಚಿಕ್ಕವಳಿಗೆ ನೀವೇ ಹೇಳಿ. ಸುಳ್ಳು ಮಾತ್ರ ಹೇಳಬೇಡಿ. ನೋವಾಗುತ್ತದೆ ಎನ್ನಿ. ಅಣ್ಣ ಗುಣವಾಗಬಹುದು ಎನ್ನಿ, ಆಗಿಯೇ ಆಗುತ್ತಾನೆ ಅನ್ನಬೇಡಿ."

"ಅವಳು ಒಪ್ಪದಿದ್ದರೆ?"

ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

ಆ ಸಂಜೆ ಲಾಡ್ಜಿನ ಕೋಣೆಯಲ್ಲಿ ಪಂಕಜಾಕ್ಷಿ ಸೀತುವನ್ನು ಎದುರು ಕೂರಿಸಿಕೊಂಡಳು.

"ಅಣ್ಣನಿಗೆ ನಿನ್ನ ಎಲುಬಿನ ಒಳಗಿಂದ ಸ್ವಲ್ಪ ತೆಗೆದು ಕೊಡ್ಲಿಕ್ಕುಂಟು ಮಗಾ."

"ಎಲ್ಲಿಂದ?"

ತಾಯಿ ಅವಳ ಸೊಂಟದ ಹಿಂಬದಿ ಮುಟ್ಟಿ ತೋರಿಸಿದಳು. ಮಗು ಸರಿದು ಗೋಡೆಗೆ ಬೆನ್ನು ಅಂಟಿಸಿಕೊಂಡಿತು.

"ನೋವಾಗ್ತದಾ?"

"ತೆಗೆಯುವಾಗ ನಿಂಗೆ ನಿದ್ದೆ. ಎದ್ದ ಮೇಲೆ ಸ್ವಲ್ಪ ದಿವಸ ನೋವುಂಟು."

"ಕೊಟ್ರೆ ಅಣ್ಣ ಸಾಯುದಿಲ್ಲಲ್ಲ?"

ಸಾವಿನ ಮಾತನ್ನು ಯಾರೂ ಅವಳೆದುರು ಆಡಿರಲಿಲ್ಲ. ಇಲ್ಲ ಅಂದುಬಿಡಲು ಪಂಕಜಾಕ್ಷಿಯ ನಾಲಗೆ ಎದ್ದಿತು. ಎಷ್ಟು ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳಿದವಳು! ಈಗ ಡಾಕ್ಟರಮ್ಮನ ಮಾತು ಅಡ್ಡ ಬಂತು.

"ಗೊತ್ತಿಲ್ಲ ಮಗಾ. ಗುಣ ಆದ್ರೂ ಆದೀತು."

"ಗೊತ್ತಿಲ್ಲದಿದ್ರೆ ಎಂತಕೆ ತೆಗೆಯುದು? ನಾನು ಕೊಡುದಿಲ್ಲ."

ಗಂಡ ತ್ಯಾಂಪಣ್ಣ ಕಡಬದ ಸೊಸೈಟಿಯ ಗುಮಾಸ್ತ, ಯಾರಿಗೂ ಗದರಿದವನಲ್ಲ. ಅವನು ಗೊಂಬೆ ತರುತ್ತೇನೆ ಅಂದ, ಕಾಲ್ಗೆಜ್ಜೆ ಮಾಡಿಸುತ್ತೇನೆ ಅಂದ. ಯಾವುದಕ್ಕೂ ಸೀತು ಬಗ್ಗದಾಗ ಕೈ ಎತ್ತಿದ. ಎತ್ತಿದ ಕೈಯನ್ನು ತಾನೇ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಮರುದಿನ ವಿಷಯ ಸರ್ವೋತ್ತಮನಿಗೂ ತಿಳಿಯಿತು. "ಅವಳನ್ನು ಬಿಡಿ ಅಮ್ಮ, ಹೆದರ್ತಾಳೆ" ಎಂದ. ಅಷ್ಟು ಹೇಳುವುದರಲ್ಲೇ ಅವನ ಒಸಡಿನಿಂದ ಮತ್ತೆ ರಕ್ತ ಒಸರಿತು. ಪಂಕಜಾಕ್ಷಿ ಹತ್ತಿಯಿಂದ ಒತ್ತಿ ಹಿಡಿದಳು. ಬಿಡುವುದು ಅಂದರೆ ಇವನನ್ನು ಬಿಡುವುದು. ಒಪ್ಪುತ್ತೀಯಾ ಎಂದು ಮಗುವನ್ನು ಕೇಳಿದ್ದೇನೋ ಹೌದು, ಆದರೆ ಬೇಡವೆಂಬ ಉತ್ತರ ಇಟ್ಟುಕೊಳ್ಳಲು ತನ್ನ ಹತ್ತಿರ ಜಾಗವೇ ಇರಲಿಲ್ಲ.

ಲಾಡ್ಜಿನ ಹಿತ್ತಿಲ ನಳ್ಳಿಯಲ್ಲಿ ಬಟ್ಟೆ ಒಗೆದು ಅವಳು ಬಕೆಟ್ ಹಿಡಿದು ಮೇಲೆ ಬಂದಾಗ ಕೋಣೆಯೊಳಗೆ ಅಮ್ಮುವಿನ ದನಿ ಕೇಳಿಸಿತು.

"ನೋವೂ ಇಲ್ಲ ಎಂತದೂ ಇಲ್ಲ. ಅಣ್ಣ ನೂರಕ್ಕೆ ನೂರು ಗುಣ ಆಗ್ತಾನೆ. ಡಾಕ್ಟರಮ್ಮ ನನ್ನ ಹತ್ರ ಹೇಳಿದ್ದಾರೆ."

"ಅಮ್ಮ ಗೊತ್ತಿಲ್ಲ ಅಂದ್ಲು."

"ಅಮ್ಮನಿಗೆ ಮಲಯಾಳ ಸರಿ ಅರ್ಥ ಆಗುದಿಲ್ಲ."

"ದೇವರಾಣೆಗೂ?"

"ಸುಬ್ರಹ್ಮಣ್ಯ ದೇವರಾಣೆ."

ಪಂಕಜಾಕ್ಷಿ ಬಾಗಿಲ ಹೊರಗೆ ನಿಂತಿದ್ದಳು. ಒಂದು ಹೆಜ್ಜೆ ಒಳಗಿಟ್ಟು, ಹಾಗಲ್ಲ ಮಗಾ ಎಂದಿದ್ದರೆ ಆಗುತ್ತಿತ್ತು. ಅವಳು ಸದ್ದಾಗದಂತೆ ಮೆಟ್ಟಿಲಿಳಿದು, ಹಿಂಡಿದ್ದ ಬಟ್ಟೆಗಳನ್ನೇ ಮತ್ತೊಮ್ಮೆ ನೀರಿಗೆ ಹಾಕಿದಳು.

ಊಟದ ಹೊತ್ತಿಗೆ ಸೀತು ತಾನಾಗಿ ಬಂದು, "ನಾನು ಕೊಡ್ತೇನೆ" ಅಂದಳು.

ಆಪರೇಷನ್ ಆಯಿತು. ಸೀತು ಎಚ್ಚರಾದ ಮೇಲೆ ಕವುಚಿ ಮಲಗಿ, "ನೋವಿಲ್ಲ ಅಂದಿದ್ಲು" ಎಂದು ಗೊಣಗುತ್ತಾ ಅತ್ತಳು. ತೆಗೆದದ್ದು ರಕ್ತದ ಹಾಗೆ ಬಾಟಲಿಯಿಂದ ಅಣ್ಣನ ನರಕ್ಕೆ ಇಳಿಯಿತು. ಕೆಲವು ವಾರಗಳಲ್ಲಿ ಅವನ ತುಟಿಗೆ ಬಣ್ಣ ಬಂತು. ಅವನನ್ನು ಬೇರೆಯಾಗಿ ಇಟ್ಟಿದ್ದ ಕೋಣೆಯ ಗಾಜಿನ ಆಚೆಯಿಂದ ತಂಗಿಯನ್ನು ನೋಡಿ, "ನಿನ್ನ ರಕ್ತ ಬಂದ ಮೇಲೆ ನಂಗೂ ಹಠ ಸುರು ಆಗಿದೆ ಮಾರಾಯ್ತಿ" ಎಂದು ನಕ್ಕ. ಅಮ್ಮು ಲಾಡ್ಜಿನ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದ ದಿನಗಳು ಅವು.

ಆಮೇಲೆ ಅವನ ಅಂಗೈ ಕೆಂಪಾಯಿತು. ಮೈಯ ಚರ್ಮ ಸುಲಿದು ಏಳತೊಡಗಿತು, ಭೇದಿ ನಿಲ್ಲಲಿಲ್ಲ. ಮಜ್ಜೆ ಚೆನ್ನಾಗಿಯೇ ಹಿಡಿದಿದೆ, ಆದರೆ ಹೊಸ ರಕ್ತ ಅವನ ಶರೀರವನ್ನು ತನ್ನದೆಂದು ಒಪ್ಪುತ್ತಿಲ್ಲ ಎಂದರು ಡಾಕ್ಟರಮ್ಮ. ತ್ಯಾಂಪಣ್ಣ ಎರಡು ಸಲ ಕೇಳಿದ, ಎರಡು ಸಲವೂ ಅರ್ಥವಾಗಲಿಲ್ಲ. ಶಿವರಾತ್ರಿಗೆ ಮುಂಚೆ ಸರ್ವೋತ್ತಮ ತೀರಿಕೊಂಡ.

ಊರಿಗೆ ಬಂದ ಮೇಲೆ ಸೀತು ಅಕ್ಕನೊಡನೆ ಮಾತು ಬಿಟ್ಟಳು. ಅಮ್ಮು ಬಡಿಸಿದರೆ ಬಟ್ಟಲು ಸರಿಸುತ್ತಿದ್ದಳು. "ದೇವರಾಣೆ ಹಾಕಿ ಸುಳ್ಳು ಹೇಳಿದ್ದು ಅವಳು" ಎಂದು ಬಂದವರೆದುರು ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದ ತಾಯಿಯ ಪಕ್ಕ ಬಂದು ಕೂತು ಅಮ್ಮು ಮೆಲ್ಲಗೆ ಕೇಳಿದಳು. "ಅಮ್ಮಾ, ನಾನು ಸುಳ್ಳು ಆಣೆ ಹಾಕಿದ್ದಕ್ಕೆ ಅಣ್ಣ ಹೋದದ್ದಾ?"

ಪಂಕಜಾಕ್ಷಿ ಗೆರಸೆ ಕೆಳಗಿಟ್ಟಳು. "ಅಲ್ಲ ಮಗಾ! ಅದಕ್ಕೆಲ್ಲ ಯಾರೂ ಸಾಯುದಿಲ್ಲ. ನೀನು ಹೇಳಿದ್ದನ್ನು ನಾನೂ ಕೇಳಿದ್ದೆ, ಬಾಗಿಲಲ್ಲೇ ಇದ್ದೆ."

ಅಮ್ಮು ಅವಳ ಮುಖವನ್ನೇ ನೋಡಿದಳು. "ಹಾಗಾದ್ರೆ ಬೇಡ ಅಂತ ನೀನ್ಯಾಕೆ ಹೇಳ್ಲಿಲ್ಲ?"

ಸೀತು ಒಪ್ಪಬೇಕಿತ್ತು, ಅದಕ್ಕೆ. ನನ್ನಿಂದ ಆಗದ್ದನ್ನು ನಿನ್ನಿಂದ ಮಾಡಿಸಿದೆ. ಹನ್ನೊಂದು ವರ್ಷದ ಹುಡುಗಿಗೆ ಇದನ್ನು ಯಾವ ಮಾತಿನಲ್ಲಿ ಹೇಳುವುದು? ಪಂಕಜಾಕ್ಷಿ ಮಗಳನ್ನು ಹತ್ತಿರ ಎಳೆದುಕೊಳ್ಳಲು ಕೈ ಚಾಚಿದಳು. ಅಮ್ಮು ಎದ್ದು, ಮೂಲೆಯಲ್ಲಿದ್ದ ಕೊಡಪಾನ ಸೊಂಟಕ್ಕಿಟ್ಟುಕೊಂಡು ಬಾವಿಯ ಕಡೆಗೆ ನಡೆದಳು.