ಹನ್ನೊಂದು ಮನೆ ಹಾದ ಮೇಜು

ನಮ್ಮ ಗಲ್ಲಿ ಎಷ್ಟು ಹಳೆಯದೆಂದರೆ, ಅದರ ಗೋಡೆಗಳು ಒಂದಕ್ಕೊಂದು ಒರಗಿಕೊಂಡೇ ನಿದ್ದೆ ಮಾಡುತ್ತವೆ. ಎಷ್ಟು ಇಕ್ಕಟ್ಟೆಂದರೆ, ಎದುರುಮನೆಯ ಬೇಕರಿಯವನು ಆಕಳಿಸಿದರೆ ನಾವು ಬಾಯಿ ಮುಚ್ಚಿಕೊಳ್ಳಬೇಕು. ಇರುವುದು ಹನ್ನೊಂದು ಮನೆ, ಮಾತಾಡುವುದು ಹನ್ನೆರಡು ಭಾಷೆ. ಆ ಹೆಚ್ಚಿನ ಒಂದು ಗಡಿಯಾರ ರಿಪೇರಿಯವನದು. ಗಡಿಯಾರಗಳ ಜೊತೆ ಅವನು ಬೇರೆಯೇ ಮಾತಾಡುತ್ತಾನೆ.

ಈ ಗಲ್ಲಿಯ ಟೈಲರ್ ನಮ್ಮಕ್ಕ. ಒಂದು ಬೆಳಿಗ್ಗೆ ಅವಳು ಹೊಲಿಯುವ ಕೋಣೆಯ ಗೋಡೆ ಕುಸಿದು ಕೂತಿತು. ಗಲ್ಲಿಯ ಆ ಕೊನೆಯಲ್ಲಿ, ಮೀಸೆಯನ್ನು ತಂತಿಯ ಹಾಗೆ ಹುರಿ ಮಾಡಿಕೊಂಡು ಎಲ್ಲರ ಬಾಯಲ್ಲೂ ತಂತಿಮೀಸೆಯಾದವರ ಮಹಡಿ ಕೋಣೆಯೊಂದೇ ಖಾಲಿ.

"ಸಂಜೆಯೊಳಗೆ ನಿನ್ ಸಾಮಾನೆಲ್ಲ ಮೇಲೆ ಬಂದ್ರೆ ಕೋಣೆ ನಿಂದು," ಎಂದರು ತಂತಿಮೀಸೆ. "ಇಲ್ದಿದ್ರೆ ನಾಳೆ ಫೋಟೋ ತೆಗೆಯೋನು ಬಾಡಿಗೆಗೆ ಬರ್ತಾನೆ."

ಹಾಗಾದರೆ ಅಕ್ಕ ಗಲ್ಲಿಯನ್ನೇ ಬಿಡಬೇಕು. "ಬೇರೆ ಕಡೆ ಹೋದ್ರೆ ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಕಣೋ," ಎಂದು ನನ್ನ ಮುಂದೆ ಮೂಗು ಒರೆಸಿಕೊಂಡಳು.

ಹೊಲಿಗೆ ಮಷಿನ್ನು ಹೋಯಿತು, ಕತ್ತರಿ ಹೋಯಿತು. ಉಳಿದದ್ದು ಬಟ್ಟೆ ಕತ್ತರಿಸುವ ಮೇಜು. ನಮ್ಮ ತಾತ ಒಂದೇ ಹಲಗೆಯಲ್ಲಿ ಕೋಣೆಯೊಳಗೇ ಕೂತು ಮಾಡಿದ್ದು. ಅದರ ಈ ತುದಿಯಲ್ಲಿ ಸೋಮವಾರವಾದರೆ ಆ ತುದಿಯಲ್ಲಿ ಮಂಗಳವಾರ! ಕುಸಿದ ಗೋಡೆಯ ಕಡೆಯಿಂದ ಹೊರಗೇನೋ ಬಂತು, ಗಲ್ಲಿಯ ತಿರುವಿನಲ್ಲಿ ಮಾತ್ರ ಅದು ಜಪ್ಪಯ್ಯ ಅಂದರೂ ತಿರುಗಲಿಲ್ಲ.

"ಗರಗಸ ತರ್‍ಲಾ?" ತಂತಿಮೀಸೆ ಮೇಲಿನ ಕಿಟಕಿಯಿಂದ ನಕ್ಕರು.

"ತನ್ನಿ ಮಾಮ, ಮೊದ್ಲು ನಿಮ್ ಮೀಸೆ ಮೇಲೆ ನೋಡೋಣ!" ಎಂದಳು ಅಕ್ಕ.

ಬೇಕರಿಯವನು ಹಿಟ್ಟಿನ ಕೈ ಕೊಡವಿಕೊಂಡು ಬಂದ. "ಗಲ್ಲಿ ಸೊಟ್ಟಗಿದ್ರೆ ಇರ್‍ಲಿ ಅಕ್ಕ, ಕಿಟಕಿಗಳು ನೆಟ್ಟಗಿವೆಯಲ್ಲ! ಮನೆ ಒಳಗಿಂದ ಮನೆ ಒಳಗೆ ಹಾಯಿಸೋಣ."

ಇಪ್ಪತ್ತು ಜನ ಸೇರಿದರು. ಹಗ್ಗ ಕಟ್ಟಿ ಮೇಜನ್ನು ಮೊದಲ ಮನೆಯ ಮಹಡಿಗೆ ಏರಿಸಿದ್ದೂ ಆಯಿತು. ತೊಂದರೆ ಶುರುವಾದದ್ದು ಎಣಿಕೆಯಲ್ಲಿ. ಪ್ರತಿಯೊಬ್ಬನೂ ತನ್ನ ಭಾಷೆಯಲ್ಲೇ ಎಣಿಸುವವನು. ಬೇಕರಿಯವನು ಮೂರು ಅಂದ ಕೂಡಲೇ ಎತ್ತುತ್ತಾನೆ. ಕಟಿಂಗ್ ಶಾಪಿನವನು ಮೂರಾದ ಮೇಲೆ ಉಸಿರು ಬಿಟ್ಟು ಎತ್ತುತ್ತಾನೆ. ಗಡಿಯಾರದವನು ಹತ್ತರಿಂದ ಹಿಂದಕ್ಕೆ ಬರುತ್ತಾನೆ. ಮೇಜು ಬುಟ್ಟಿಯಲ್ಲಿ ಬಿದ್ದ ಮೀನಿನ ಹಾಗೆ ಒದ್ದಾಡಿತೇ ಹೊರತು ಮುಂದೆ ಹೋಗಲಿಲ್ಲ. ಹಾಗೂ ಹೀಗೂ ಮೂರು ಮನೆ ದಾಟಿ ನಾಲ್ಕನೆಯ ಮನೆಯ ಕಿಟಕಿಯಲ್ಲಿ ಸಿಕ್ಕಿಕೊಂಡಾಗ ಬಿಸಿಲು ಇಳಿಯುತ್ತಿತ್ತು. ಅಕ್ಕನ ಮುಖವೂ ಇಳಿದಿತ್ತು.

ಅದು ಒಂಟಿ ಅಜ್ಜಿಯೊಬ್ಬಳ ಮನೆ. ಅಜ್ಜಿಯ ಭಾಷೆ ಅವಳೊಬ್ಬಳಿಗೇ ಗೊತ್ತು. ಅವಳ ಬೈಗುಳ ಮಾತ್ರ ಇಡೀ ಗಲ್ಲಿಗೆ ಗೊತ್ತು. ಮಲಗಿದ್ದವಳ ಮೂಗಿನ ಮೇಲೆ ಮೇಜಿನ ತುದಿ ಬಂದು ನಿಂತಿತ್ತು. ಅವಳು ಕಣ್ಣು ಬಿಟ್ಟು, ಊರುಗೋಲಿನಿಂದ ಮೇಜಿಗೆ ಧಡಾರನೆ ಬಾರಿಸಿ ಕಿರುಚಿದಳು. "ಹ್ಹೋಯ್!"

ಇಪ್ಪತ್ತು ಜನರೂ ಹೆದರಿ ಒಂದೇ ಸಲಕ್ಕೆ ಎತ್ತಿದರು. ಮೇಜು ಹತ್ತಿಯ ಹಾಗೆ ಮೇಲೆದ್ದಿತು!

ಅಕ್ಕ ಓಡಿಬಂದಳು. "ಅಜ್ಜೀ, ನಿನ್ ಕಾಲಿಗೆ ಬೀಳ್ತೀನಿ, ಇದ್ರ ಮೇಲೆ ಕೂತ್ಕೊ! ಬೈತಾನೇ ಇರು!" ಎಂದು ಕೈಸನ್ನೆ ಮಾಡಿದಳು. ಬೈಯಲು ಕರೆಯುತ್ತಾರೆಂದು ಅಜ್ಜಿ ಎಷ್ಟು ವರ್ಷದಿಂದ ಕಾಯುತ್ತಿದ್ದಳೋ! ಸೆರಗು ಸಿಕ್ಕಿಸಿಕೊಂಡು, ಆನೆ ಏರಿದ ಮಹಾರಾಣಿಯಂತೆ ಕೂತಳು.

ಹ್ಹೋಯ್! ಐದನೆಯ ಮನೆ. ಹ್ಹೋಯ್! ಸಂಗೀತದ ಟೀಚರಮ್ಮ ಹಾಡು ನಿಲ್ಲಿಸದೆ ತಲೆ ಬಗ್ಗಿಸಿದರು, ಆರನೆಯ ಮನೆ ದಾಟಿತು. ಎಂಟನೆಯದರಲ್ಲಿ ಊಟಕ್ಕೆ ಕೂತವರು ತಟ್ಟೆಗಳನ್ನು ನಮ್ಮ ಮೇಜಿನ ಮೇಲಿಟ್ಟು, ಊಟ ಮಾಡುತ್ತಲೇ ಒಂಬತ್ತನೆಯ ಮನೆಗೆ ನಡೆದುಬಂದರು. ನಂಬದಿದ್ದರೆ ಅವರನ್ನೇ ಕೇಳಿ.

ಕೊನೆಯ ಕಿಟಕಿಯಲ್ಲಿ ತಂತಿಮೀಸೆ ಅಡ್ಡ ನಿಂತಿದ್ದರು. ಅಜ್ಜಿ ಅವರಿಗೊಂದು ಹ್ಹೋಯ್ ಕೊಟ್ಟಳು ನೋಡಿ, ಮೀಸೆಯ ಎರಡು ತುದಿಯೂ ಕೆಳಗೆ ಬಿದ್ದವು. ಅವರೇ ಮೇಜಿನ ಮೂತಿ ಹಿಡಿದು ಒಳಗೆ ಎಳೆದುಕೊಂಡರು!

ಗೋಡೆಯಿಂದ ಗೋಡೆಗೆ ಮೇಜು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ತಂತಿಮೀಸೆ ಬೆವರು ಒರೆಸಿಕೊಂಡರು. "ಅಲ್ಲಮ್ಮಾ, ಮುಂದೆ ಇದನ್ನ ಹೊರಗೆ ತೆಗಿಯೋದು ಹೇಗೆ?"

"ತೆಗಿಯೋರು ಯಾರು ಮಾಮ?" ಎಂದಳು ಅಕ್ಕ.

ಗಲ್ಲಿಯೆಲ್ಲ ಕೇಕೆ ಹಾಕಿತು. ಅಜ್ಜಿ ಮಾತ್ರ ಇಳಿಯಲಿಲ್ಲ. ಅಕ್ಕ ಅವಳ ಸುತ್ತಲೇ ಬಟ್ಟೆ ಹಾಸಿ, ದೀಪ ಹಚ್ಚುವ ಮುಂಚೆ ಮೊದಲ ಅಂಗಿ ಕತ್ತರಿಸಿಯೇಬಿಟ್ಟಳು.