ಗಡಿಗೆಗೆ ಬಟ್ಟೆ, ಎದೆಗೆ ಧೂಳು

ಬೆಳಗಾದರೆ ಸಾಕು, ಆ ಮನೆಯಿಂದ ಬರ್ ಬರ್ ಎಂದು ಪೊರಕೆಯ ಸದ್ದು. ಗಡಿಗೆ ಮಾಡುವ ಆ ಮನೆಯ ಹಿರಿಯಳಿಗೆ ಬೀದಿಯವರು ಇಟ್ಟ ಹೆಸರೇ ಪೊರಕೆಯಮ್ಮ. ಮಣ್ಣಿನ ಕೆಲಸ ಎಂದ ಮೇಲೆ ಪುಡಿ, ಚೂರು ಇದ್ದದ್ದೇ. ಆದರೆ ಅವಳ ಕೆಲಸದ ಕೋಣೆಯಲ್ಲಿ ನೆಲದ ಮೇಲೆಯೇ ಬಡಿಸಿಕೊಂಡು ಉಣ್ಣಬಹುದಿತ್ತು. ಹಾಗಂತ ದಿನಕ್ಕೊಮ್ಮೆ ಅವಳೇ ಹೇಳುತ್ತಿದ್ದಳು.

ಕೈಯಿಂದಲೇ ಗಡಿಗೆ ತಟ್ಟುವುದು ಅವಳಿಗೆ ತಾಯಿಯಿಂದ ಬಂದ ವಿದ್ಯೆ. ಒಳಗೊಂದು ಉರುಟು ಕಲ್ಲನ್ನು ಒತ್ತಿ ಹಿಡಿಯಬೇಕು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಬೇಕು. ತಟ್ಟುತ್ತ ತಟ್ಟುತ್ತ ಗಡಿಗೆಯ ಹೊಟ್ಟೆ ಉಬ್ಬುತ್ತದೆ, ಗೋಡೆ ತೆಳುವಾಗುತ್ತದೆ. ಈಗ ಅದನ್ನು ಕಲಿಯುತ್ತಿದ್ದವಳು ಸೊಸೆ ಒಬ್ಬಳೇ. ಅವಳೂ ಬಿಟ್ಟರೆ ಆ ವಿದ್ಯೆ ಅಲ್ಲಿಗೇ ಮುಗಿಯಿತು.

ಅವತ್ತು ಸೊಸೆ ಕೊನೆಯ ಸುತ್ತು ತಟ್ಟುತ್ತಿದ್ದಾಗ ಕೆಮ್ಮು ಬಂತು. ಕೈ ಜಾರಿ, ಗಡಿಗೆಯ ಹೊಟ್ಟೆ ನೆಗ್ಗಿಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ.

“ಇನ್ನೂ ಕೈ ಕೂತಿಲ್ಲ ಕಣೇ ನಿಂಗೆ,” ಎಂದಳು ಪೊರಕೆಯಮ್ಮ.

“ಕೈಯಲ್ಲ ಅತ್ತೆ, ಎದೆ. ಈ ಧೂಳಲ್ಲಿ ಉಸಿರು ಕಟ್ಟತ್ತೆ.”

“ಧೂಳಾ? ನನ್ನ ಮನೇಲಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

ಸೊಸೆ ಹಲಗೆ ಕೆಳಗಿಟ್ಟಳು. “ಹಾಗಾದ್ರೆ ನಂಗೀ ಕೆಲಸ ಬೇಡ ಬಿಡಿ. ಹೊಲಿಗೆ ಕಲೀತೀನಿ.”

ತಾಯಿಯ ವಿದ್ಯೆ ಇಲ್ಲಿಗೇ ಮುಗಿಯಿತೇನೋ ಎನಿಸಿತು ಪೊರಕೆಯಮ್ಮನಿಗೆ. ಬಾಯಲ್ಲಿ ಮಾತ್ರ “ನಿನ್ನಿಷ್ಟ” ಎಂದಳು.

ಮರುದಿನ ಬೆಳಿಗ್ಗೆ ಸೊಸೆ ಕೆಲಸದ ಕೋಣೆಯಲ್ಲಿ ಕೆಮ್ಮುತ್ತ ಕೂತಿದ್ದಾಗ ಪಕ್ಕದ ಮನೆಯ ಹುಡುಗಿ ಬಂದಳು. ಅವಳು ಆರೋಗ್ಯ ಕಾರ್ಯಕರ್ತೆ, ಸೊಸೆಗೆ ಗೆಳತಿ.

“ಇದು ನೆಗಡಿ ಕೆಮ್ಮಲ್ಲ ದೊಡ್ಡಮ್ಮ, ಡಾಕ್ಟರಿಗೆ ತೋರಿಸ್ಬೇಕು. ಒಣ ಮಣ್ಣಿನ ಧೂಳು ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಕೂರತ್ತೆ. ಕಣ್ಣಿಗೂ ಕಾಣದಷ್ಟು ಸಣ್ಣದು.”

“ಕಾಣದೇ ಇರೋದಕ್ಕೆಲ್ಲ ಹೆದರ್ತಾರೇನೇ? ಮಣ್ಣು ನಮಗೆ ತಾಯಿ. ತಾಯಿ ಮಕ್ಕಳನ್ನ ಕೊಲ್ತಾಳಾ? ಧೂಳೇ ಆದ್ರೂ ನಾನು ದಿನಾ ಗುಡಿಸ್ತೀನಲ್ಲ! ಅತ್ಲಾಗೆ ಸರಿ, ಕಸ ಹೊಡೀಬೇಕು.”

ಹೀಗೆನ್ನುತ್ತ ಅವಳು ಒಗೆದ ಬಟ್ಟೆ ತಂದು, ಮೂಲೆಯಲ್ಲಿದ್ದ ಗಡಿಗೆಗಳಿಗೆ ಹೊದಿಸಿದಳು. ಕೂಸನ್ನು ಮಲಗಿಸಿದಂತೆ ಅಂಚುಗಳನ್ನೆಲ್ಲ ಒಳಕ್ಕೆ ಸಿಕ್ಕಿಸಿದಳು. ಆಮೇಲೆ ಪೊರಕೆ ಎತ್ತಿಕೊಂಡಳು.

“ಅದ್ಯಾಕೆ ದೊಡ್ಡಮ್ಮ ಬಟ್ಟೆ?”

“ಇನ್ನೇನು ಮತ್ತೆ? ಕಲ್ಲಲ್ಲಿ ಉಜ್ಜಿ ಉಜ್ಜಿ ಹೊಳಪು ತಂದಿರೋ ಹಸಿ ಗಡಿಗೆ. ಗುಡಿಸಿದ್ರೆ ಧೂಳೆದ್ದು ಮೈಮೇಲೆ ಕೂರತ್ತೆ, ಹೊಳಪೆಲ್ಲ ಹಾಳು. ನಮ್ಮಮ್ಮ ಹೇಳ್ಕೊಟ್ಟಿದ್ದು.”

“ಗಡಿಗೆಗೆ ಬಟ್ಟೆ ಹೊದಿಸಿದ್ರಿ. ಪಕ್ಕದಲ್ಲೇ ಕೂತಿರೋ ಸೊಸೆಗೆ?”

ಪೊರಕೆ ನಿಂತಿತು. ಸೊಸೆ ಆ ಗಡಿಗೆಗಳ ಪಕ್ಕದಲ್ಲೇ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಪೊರಕೆಯಮ್ಮನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಧೂಳನ್ನು ಮನೆಯಿಂದ ಓಡಿಸುತ್ತಿದ್ದೇನೆ ಎಂದುಕೊಂಡವಳು, ನೆಲದಲ್ಲಿ ಮಲಗಿದ್ದನ್ನು ಎಬ್ಬಿಸಿ ಸೊಸೆಯ ಮೂಗಿಗೆ ಕಳಿಸುತ್ತಿದ್ದಳು.

“ಹಾಗಾದ್ರೆ ಗಡಿಗೆ ಮಾಡೋದೇ ಬಿಡ್ಬೇಕಾ?” ಎಂದಳು ಮೆಲ್ಲಗೆ.

“ಯಾಕೆ ಬಿಡ್ತೀರಿ? ಮಣ್ಣು ಹಸಿ ಇದ್ರೆ ಹಾರಲ್ಲ. ಒಣಗಿ ಹಾರಿದಾಗ್ಲೇ ತೊಂದರೆ. ಪೊರಕೆ ಬಿಟ್ಟು ಒದ್ದೆ ಬಟ್ಟೇಲಿ ಒರೆಸಿ. ಕೆಲಸದ ಬಟ್ಟೆ ಕೊಡವ್ಬೇಡಿ, ನೀರಲ್ಲಿ ನೆನೆಸಿ. ಊಟ ತಿಂಡಿ ಈ ಕೋಣೇಲಿ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಒಣ ಮಣ್ಣು ಕುಟ್ಟಿ ಜರಡಿ ಹಿಡಿಯೋದು.”

“ನಮ್ಮಜ್ಜಿ ಕುಟ್ತಾನೇ ಇರಲಿಲ್ಲ ಕಣೇ. ಹೆಂಟೆಗಳನ್ನ ತೊಟ್ಟೀಲಿ ನೆನೆಹಾಕಿ ಬಟ್ಟೇಲಿ ಸೋಸ್ತಿದ್ಳು. ಬೇಗ ಆಗ್ಲಿ ಅಂತ ಕುಟ್ಟೋಕೆ ಶುರು ಮಾಡಿದ್ದು ನಾವು.”

“ನೋಡಿದ್ರಾ? ದಾರಿ ನಿಮ್ಮನೇಲೇ ಇತ್ತು!”

ಅವತ್ತೇ ಪೊರಕೆಯಮ್ಮ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪರೀಕ್ಷೆ ಮಾಡಿದ ಡಾಕ್ಟರು, “ಬೇಗ ಬಂದದ್ದು ಒಳ್ಳೇದಾಯ್ತು. ಧೂಳು ತಪ್ಪಿಸಿ, ಆಗಾಗ ತೋರಿಸ್ತಾ ಇರಿ,” ಎಂದರು. ಹಳೆಯ ತೊಟ್ಟಿಗೆ ಮತ್ತೆ ನೀರು ಬಿತ್ತು. ದಿನ ಕಳೆದಂತೆ ಕೆಮ್ಮು ಇಳಿಯಿತು.

ಬೀದಿಯವರಿಗೆ ಮಾತ್ರ ಗಾಬರಿ. “ಪೊರಕೆ ಸದ್ದೇ ಇಲ್ಲ, ಅಮ್ಮನಿಗೆ ಹುಷಾರಿಲ್ವಾ?” ಎಂದು ಬಾಗಿಲಲ್ಲಿ ಇಣುಕಿದರು. ಒಳಗೆ ಟಪ ಟಪ ಎಂದು ಹಲಗೆಯ ಸದ್ದು. ಸೊಸೆ ಕೊನೆಯ ಸುತ್ತು ಮುಗಿಸಿ ಕಲ್ಲನ್ನು ಹೊರಗೆ ತೆಗೆದಳು. ಗಡಿಗೆ ತುಂಬು ಹೊಟ್ಟೆಯಲ್ಲಿ ನಿಂತಿತ್ತು.

“ಕೈ ಕೂತಿದೆ ಕಣೇ!” ಎಂದಳು ಪೊರಕೆಯಮ್ಮ, ಕಣ್ಣೊರೆಸಿಕೊಳ್ಳುತ್ತ.

“ಕೈಯಲ್ಲ ಅತ್ತೆ, ಎದೆ,” ಎಂದು ಸೊಸೆ ನಕ್ಕಳು.

ಮಣ್ಣು, ಕಲ್ಲು, ಇಟ್ಟಿಗೆಯ ಕೆಲಸ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಬೆಳಿಗ್ಗೆ ಪೊರಕೆ ಎತ್ತುವ ಮುಂಚೆ ಒಮ್ಮೆ ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿ. ಒಣ ಧೂಳನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಡದ ಕೆಮ್ಮು ಕಸುಬಿನ ಜೊತೆ ಬಂದದ್ದೆಂದು ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ನೆಗ್ಗಿದ ಗಡಿಗೆಯನ್ನು ಮುದ್ದೆ ಮಾಡಿ ಮತ್ತೆ ತಟ್ಟಬಹುದು. ಅದನ್ನು ತಟ್ಟುವವರ ಎದೆಯನ್ನು ಹಾಗೆ ಮತ್ತೆ ಮಾಡಲಾಗದು.