ಕನ್ನಪ್ಪನಿಗೆ ಹೆಗಲು

"ಮುಂದಿನ ಬಲಗಡೆ ಹೆಗಲು ನಾನೇ ಕೊಡ್ತೀನಿ, ನೀ ಹಿಂದೆ ಹೋಗು," ಎಂದು ಉಮೇಶ ಚಟ್ಟದ ಬಿದಿರು ಹಿಡಿದಿದ್ದವನ ಕೈ ಬಿಡಿಸಿದ. ಅವನೂ ಸೇರಿ ರಿಪ್ಪನ್‌ಪೇಟೆಯ ರೈಸ್‌ಮಿಲ್ಲಿನ ಮೂವರು ಬೆಳಗಾಗುತ್ತಲೇ ಬಂದು, ಕಟ್ಟಿಗೆ ತರಿಸಿ, ಶಾಮಿಯಾನ ಹಾಕಿಸಿ, ಮನೆಯವರಿಗಿಂತ ಹೆಚ್ಚು ಓಡಾಡುತ್ತಿದ್ದರು. ಸತ್ತವನು ಅವರ ಸೂಪರ್‌ವೈಸರ್ ಕನ್ನಪ್ಪ. ಅವನ ಜಾಗ ಈಗ ಖಾಲಿ.

ಹೆಂಡತಿ ಯಶೋಧಾಗೆ ತಲೆಬುಡ ತಿಳಿಯಲಿಲ್ಲ. ಇವರೆಲ್ಲ ಕಣ್ಣೊರೆಸಿಕೊಳ್ಳುತ್ತಿರುವುದು ಯಾರಿಗಾಗಿ? ಒಬ್ಬನಾದರೂ ತನ್ನ ಗಂಡನಿಗಾಗಿಯೇ ಬಂದಿದ್ದರೆ ಸಾಕಿತ್ತು ಎಂದು ಅವಳ ಜೀವ ಒದ್ದಾಡುತ್ತಿತ್ತು.

"ಹೊತ್ತಾಯ್ತಲ್ಲ, ಎತ್ತಿ," ಅಂದಳು.

"ಧಣಿ ಬರ್ಲಿ ಅಕ್ಕಾ. ಸಾಗರದಿಂದ ಹೊರಟಿದಾರಂತೆ," ಅಂದ ಉಮೇಶ.

*

ಹದಿನೆಂಟು ವರ್ಷದ ಹಿಂದೆ ಕನ್ನಪ್ಪನೂ ಬೆಳ್ಳಪ್ಪನೂ ಅದೇ ಮಿಲ್ಲಿನಲ್ಲಿ ಜೋಡಿಯಾಗಿ ಮೂಟೆ ಹೊರುತ್ತಿದ್ದರು. ಧಣಿಯ ತಾಯಿ ತೀರಿಕೊಂಡಾಗ ಬೆಳ್ಳಪ್ಪ, "ಎಷ್ಟೊತ್ತಿಗೆ ಎತ್ತೋದಂತೆ?" ಎಂದು ಕೇಳಿದ.

"ಹನ್ನೊಂದಕ್ಕೆ," ಅಂದ ಕನ್ನಪ್ಪ.

ಎತ್ತಿದ್ದು ಎಂಟಕ್ಕೆ. ಮುಂದೆ ನಿಂತು ಹೆಗಲು ಕೊಟ್ಟು ಧಣಿಯ ಕಣ್ಣಿಗೆ ಬಿದ್ದವನು ಕನ್ನಪ್ಪ. ಬೆಳ್ಳಪ್ಪ ಹೋದಾಗ ಅಂಗಳ ತೊಳೆಯುತ್ತಿದ್ದರು. ಮರುತಿಂಗಳೇ ಕನ್ನಪ್ಪನ ಸೊಂಟಕ್ಕೆ ಗೋಡೌನಿನ ಬೀಗದ ಕೈ ಬಂತು. ಆಮೇಲೆ ಧಣಿಯ ಕಡೆ ಯಾರೇ ಸಾಯಲಿ, ಮೊದಲ ಹೆಗಲು ಇವನದೇ.

"ಬೆಳ್ಳಪ್ಪಂಗೆ ಯಾಕೆ ಸುಳ್ಳು ಹೇಳಿದ್ರಿ?" ಎಂದು ಯಶೋಧಾ ಕೇಳಿದ್ದಳು.

"ನಿಂಗೆ ಅದೆಲ್ಲ ಗೊತ್ತಾಗಲ್ಲ."

ಗೊತ್ತಾಗಲಿಲ್ಲ, ನಿಜ.

*

ಧಣಿ ಹರ್ಷವರ್ಧನ ಬಂದು ಹಾರ ಹಾಕಿ ಎರಡು ನಿಮಿಷ ನಿಂತ. "ಸಂಜೆ ಒಳಗೆ ತೀರ್ಥಹಳ್ಳಿ ಲೋಡು ಹೋಗ್ಬೇಕಲ್ಲ. ಯಾರು ನೋಡ್ಕೊಳ್ತೀರಾ?"

"ನಾನು ಧಣಿ!" ಮೂರು ಬಾಯಿ ಒಟ್ಟಿಗೆ ಅಂದವು. ಉಮೇಶ ಧಣಿಯ ಕಾರು ಹತ್ತಿದ, ಉಳಿದಿಬ್ಬರು ಬೈಕಿನಲ್ಲಿ ಹಿಂದೆ ಬಿದ್ದರು. ಚಟ್ಟದ ಬಳಿ ಉಳಿದವರು ಕನ್ನಪ್ಪನ ಇಬ್ಬರು ತಮ್ಮಂದಿರು ಮತ್ತು ಅಳಿಯ. ಒಂದು ಹೆಗಲು ಕಡಿಮೆ.

ಬೇಲಿಯ ಕಡೆಯಿಂದ ಬೆಳ್ಳಪ್ಪ ಎದ್ದು ಬಂದ.

"ನೀ ಯಾವಾಗ ಬಂದೆ?" ಯಶೋಧಾ ಬೆರಗಾದಳು.

"ಬೆಳಿಗ್ಗೆ ಆರಕ್ಕೆ ಅತ್ತಿಗೆ. ಎಷ್ಟೊತ್ತಿಗೆ ಎತ್ತೋದು ಅಂತ ಯಾರನ್ನೂ ಕೇಳೋಕೆ ಹೋಗ್ಲಿಲ್ಲ. ಇಲ್ಲೇ ಕೂತಿದ್ದೆ."

"ಅವ್ರು ಮಾಡಿದ್ದು ನಿಂಗೆ ಗೊತ್ತಿಲ್ವಾ?"

"ಗೊತ್ತು."

"ಮತ್ಯಾಕೆ ಬಂದೆ?"

ಬೆಳ್ಳಪ್ಪ ತಲೆ ಕೆರೆದುಕೊಂಡ. "ನಂಗೂ ತಿಳೀತಿಲ್ಲ ಅತ್ತಿಗೆ."

ಅವನು ಕುಳ್ಳ. ಉಳಿದ ಮೂವರು ಎತ್ತರದವರು. ಚಟ್ಟ ಅವನ ಕಡೆಗೇ ವಾಲಿತು. ಟವಲನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲಿಟ್ಟುಕೊಂಡರೂ ಸಮವಾಗಲಿಲ್ಲ. "ಹೆಂಗಸ್ರು ಬರ್ಬಾರ್ದು," ಎಂದು ಯಾರೋ ಅಜ್ಜಿ ಹಿಂದಿನಿಂದ ಕೂಗುತ್ತಲೇ ಇದ್ದರು. ಯಶೋಧಾ ಅವನ ಪಕ್ಕದಲ್ಲಿ, ಬಿದಿರಿನ ಅಡಿಗೆ ಅಂಗೈ ಕೊಟ್ಟು ಮೇಲೆತ್ತಿ ಹಿಡಿದು, ಗೇಟು ದಾಟಿ ನಡೆದಳು.